ಕನ್ನಡಿಯಂಚಿನ ಮೂವತ್ತೊಂದು ಗರಿ

ಸಾಂತೀನಾ ಕೋಳಿಯ ಪುಕ್ಕ ಕೀಳುವಾಗ ಏನಾದರೊಂದು ಹಾಡು ಗುನುಗುತ್ತಿದ್ದಳು. ಜೇನುಗಿಡುಗದ ಪುಕ್ಕ ಕೀಳುವಾಗ ಮಾತ್ರ ತುಟಿ ಬಿಗಿದುಕೊಂಡು, ಯಾರ ಮೇಲೋ ಹಗೆ ತೀರಿಸಿಕೊಳ್ಳುವವಳ ಹಾಗೆ ಕಿತ್ತು ಎಸೆಯುತ್ತಿದ್ದಳು. ವರ್ಷಕ್ಕೊಂದು ದಿನ, ವಸಂತದಲ್ಲಿ. ಅವತ್ತು ಅಡುಗೆಮನೆಯ ಕಡೆ ಬೆಕ್ಕು ಕೂಡ ಸುಳಿಯುತ್ತಿರಲಿಲ್ಲ.

ಅವಳ ಗಂಡ ಫೊರ್ತುನಾತೊ ಊರಿನ ಕ್ಷೌರಿಕ; ಊರವರ ಬಾಯಲ್ಲಿ 'ಮಾಸ್ತ್ರು'. ಊರು ಕಲಾಬ್ರಿಯಾದ ತುದಿಯ ಬೆಟ್ಟದ ಮಗ್ಗುಲಲ್ಲಿದೆ. ಕೆಳಗೆ ಜಲಸಂಧಿ, ಆಚೆ ದಡದಲ್ಲಿ ಸಿಸಿಲಿ. ಏಪ್ರಿಲ್ ಬಂತೆಂದರೆ ಆಫ್ರಿಕಾದಿಂದ ಹೊರಟ ಹಕ್ಕಿಗಳೆಲ್ಲ ಈ ದಾರಿಯಲ್ಲೇ ಹೋಗಬೇಕು. ಬಕಗಳು ಹೋಗುತ್ತವೆ, ಕೊಕ್ಕರೆಗಳು ಹೋಗುತ್ತವೆ, ಹದ್ದುಗಳು ಹೋಗುತ್ತವೆ. ಅವುಗಳ ಗೊಡವೆ ಊರಿಗೆ ಬೇಕಿಲ್ಲ. ಊರಿನ ಗಂಡಸರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಜೇನುಗಿಡುಗವೊಂದಕ್ಕೇ. ಯಾಕೆಂದರೆ ವಸಂತದಲ್ಲಿ ಒಂದಾದರೂ ಜೇನುಗಿಡುಗ ಹೊಡೆಯದ ಗಂಡಸಿನ ಹೆಂಡತಿ ಆ ವರ್ಷ ದಾರಿ ತಪ್ಪುತ್ತಾಳೆ. ಇದನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನ ಹೆಂಡತಿ ಎಂಥವಳಿದ್ದಳೋ, ಯಾರಿಗೂ ಗೊತ್ತಿಲ್ಲ. ಪಾದ್ರಿ ಹೇಳಿದ ಹತ್ತು ಮಾತಿನಲ್ಲಿ ಒಂಬತ್ತನ್ನು ಇಗರ್ಜಿಯ ಮೆಟ್ಟಿಲಲ್ಲೇ ಬಿಟ್ಟು ಬರುವ ಗಂಡಸರು ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸರ್ಕಾರ ಬೇಟೆ ನಿಷೇಧಿಸಿತು, ಅರಣ್ಯದ ಪೊಲೀಸರು ಗುಡ್ಡ ಹತ್ತಿ ಇಳಿದರು. ಕೋವಿಗಳು ಕಡಿಮೆಯಾದವು, ನಂಬಿಕೆ ಹಾಗೇ ಉಳಿಯಿತು.

ಸಾಂತೀನಾ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಮೊದಲ ವಸಂತದಲ್ಲಿ ಫೊರ್ತುನಾತೊ ಮಧ್ಯಾಹ್ನ ಕೋವಿ ಹೆಗಲಿಗೇರಿಸಿ ಹೋದವನು ಎರಡೇ ಗಂಟೆಯಲ್ಲಿ ಹಕ್ಕಿ ಹಿಡಿದು ಬಂದ. "ಈಗಷ್ಟೇ ಬಿತ್ತು," ಎಂದು ಮೇಜಿನ ಮೇಲಿಟ್ಟ. ಅವಳು ಮುಟ್ಟಿ ನೋಡಿದಳು. ಹಕ್ಕಿ ತಣ್ಣಗಿತ್ತು, ಕಾಲು ಕಟ್ಟಿಗೆಯ ಹಾಗೆ ಸೆಟೆದಿತ್ತು. ಕೋಳಿ ಸಾಕುವವರ ಮನೆಯಲ್ಲಿ ಹುಟ್ಟಿದವಳಿಗೆ ಹಿಂದಿನ ದಿನ ಸತ್ತ ಹಕ್ಕಿ ಯಾವುದು, ಈಗ ಸತ್ತದ್ದು ಯಾವುದು ಎಂದು ಯಾರೂ ಕಲಿಸಬೇಕಾಗಿರಲಿಲ್ಲ. ಒಳಗಿದ್ದ ಸೀಸದ ಕಾಳುಗಳೂ ಗಂಡನ ತೋಟಾದವಲ್ಲ; ಅಷ್ಟು ದಪ್ಪ ಕಾಳು ತುಂಬುತ್ತಿದ್ದವನು ಮೇಕೆ ಕಾಯುವ ಬಸ್ತಿಯಾನೊ ಒಬ್ಬನೇ. ಮಾರನೆಯ ದಿನ ಉಗ್ರಾಣದಲ್ಲಿ ಒಂದು ಡಬ್ಬಿ ಆಲಿವ್ ಎಣ್ಣೆ ಕಡಿಮೆ ಇತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಸುಳ್ಳಿಗಲ್ಲ, ಎಣ್ಣೆಗೂ ಅಲ್ಲ. ತನ್ನ ನಡತೆಗೆ ಸತ್ತ ಹಕ್ಕಿಯೊಂದು ಜಾಮೀನು ನಿಲ್ಲಬೇಕೇ ಎಂದು. ಆದರೆ ಹಿಂದಿನ ದಿನವೇ ಫೊರ್ತುನಾತೊ ಹಕ್ಕಿಯ ಬಾಲದಿಂದ ಒಂದು ಗರಿ ಕಿತ್ತು, ಅಂಗಡಿಯ ಕನ್ನಡಿಯ ಅಂಚಿಗೆ ಸಿಕ್ಕಿಸಿ, ಹಿಂದೆ ಸರಿದು ನೋಡಿ ನಕ್ಕದ್ದನ್ನು ಅವಳು ಕಂಡಿದ್ದಳು. ಒಳ್ಳೆಯ ಮನುಷ್ಯ. ಏರುದನಿಯಲ್ಲಿ ಮಾತಾಡಿದವನಲ್ಲ, ಬಟ್ಟೆ ಒಗೆಯುವ ದಿನ ನೀರು ತಾನೇ ಹೊತ್ತು ತರುತ್ತಿದ್ದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಹಾಗೆ ಹಾಕಿಕೊಂಡ ಬೀಗ ಮೂವತ್ತೊಂದು ವಸಂತ ಹಾಗೇ ಇತ್ತು. ಕನ್ನಡಿಯ ಸುತ್ತ ಮೂವತ್ತೊಂದು ಗರಿ ತುಂಬಿದವು.

ಮೂವತ್ತೆರಡನೆಯ ವಸಂತದಲ್ಲಿ ಕಷ್ಟ ಬಂತು. ಬಸ್ತಿಯಾನೊ ಮಂಡಿ ಕೆಟ್ಟು, ಮೇಕೆಗಳನ್ನೂ ಕೋವಿಯನ್ನೂ ಮಾರಿ, ತೂರಿನೋದಲ್ಲಿದ್ದ ತಂಗಿಯ ಮನೆ ಸೇರಿದ. ಏಪ್ರಿಲ್ ಕಳೆಯಿತು, ಮೇ ಬಂತು. ಕನ್ನಡಿಗೆ ಹೊಸ ಗರಿ ಬರಲಿಲ್ಲ.

ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ಅಡುಗೆಮನೆಗೂ ಅದಕ್ಕೂ ನಡುವೆ ಮಣಿಪರದೆ ಒಂದೇ. ಬಟಾಣಿ ಸುಲಿಯುತ್ತ ಕೂತಿದ್ದ ಸಾಂತೀನಾಳಿಗೆ ಎಲ್ಲವೂ ಕೇಳಿಸುತ್ತಿತ್ತು. ಕೆಣಕಲು ಶುರು ಮಾಡಿದವನು ದೊನ್ ಪಾಸ್ಕ್ವಾಲೆ. ನಿವೃತ್ತ ಅಂಚೆ ಮಾಸ್ತರ. ಊರವರ ಪತ್ರಗಳಲ್ಲೆಲ್ಲ ಮೂಗು ತೂರಿಸಿ ಅಭ್ಯಾಸವಾಗಿ, ಈಗ ಪತ್ರವಿಲ್ಲದೆಯೇ ತೂರಿಸುತ್ತಿದ್ದ.

"ಏನು ಮಾಸ್ತ್ರು, ಈ ವರ್ಷದ ಜಾಗ ಇನ್ನೂ ಖಾಲಿನೇ ಇದೆಯಲ್ಲ?"

"ಗಾಳಿ ಸರಿ ಇಲ್ಲ, ದೊನ್ ಪಾಸ್ಕ್ವಾಲೆ."

"ಗಾಳಿಗೇನಾಗಿದೆ? ನಿನ್ನೆ ನಮ್ಮ ಮಾಳಿಗೆ ಮೇಲೇ ನಲವತ್ತು ಹೋದ್ವು. ಹುಷಾರಪ್ಪಾ. ಸಾಂತೀನಾ ಇನ್ನೂ ನೋಡೋಕೆ ಲಕ್ಷಣವಾಗೇ ಇದ್ದಾಳೆ."

ಬೆಂಚಿನ ಮೇಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ಐವತ್ತು ವಯಸ್ಸಿನಲ್ಲಿ ಸಿಕ್ಕ ಈ ಹೊಗಳಿಕೆಗೆ ಸಾಂತೀನಾಳ ಕೈಯಲ್ಲಿದ್ದ ಸಿಪ್ಪೆ ಹಿಂಡಿ ಹಿಪ್ಪೆಯಾಯಿತು.

ಎರಡು ದಿನ ಬಿಟ್ಟು, ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಯಾರೋ ಒಂದು ಜೊತೆ ಮೇಕೆಯ ಕೊಂಬು ಕಟ್ಟಿದ್ದರು. ಬಾಗಿಲಿಗೆ ಕೊಂಬು ಕಟ್ಟಿದರೆ ಆ ಊರಲ್ಲಿ ಅರ್ಥ ಒಂದೇ: ಈ ಮನೆಯ ಹೆಂಗಸಿಗೆ ಬೇರೆ ಗಂಡಸಿನ ಸಂಗವಿದೆ. ಫೊರ್ತುನಾತೊ ಆಚೆ ಈಚೆ ನೋಡಿ, ಬಿಚ್ಚಿ, ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಒಳಗೆ ಬಂದ. ಮೇಲಿನ ಕಿಟಕಿಯಿಂದ ಹೆಂಡತಿ ಎಲ್ಲ ನೋಡಿದ್ದು ಅವನಿಗೆ ಗೊತ್ತಿಲ್ಲ. ಅಂಗಡಿ ತೆರೆಯಲಿಲ್ಲ. ಕಪಾಟಿನ ಮೇಲಿನಿಂದ ಕೋವಿ ಇಳಿಸಿದ. ಸಾಂತೀನಾ ಕೆಳಗೆ ಬಂದಾಗ ತೋಟಾ ತುಂಬಲು ಒದ್ದಾಡುತ್ತಿದ್ದ.

ಅರಣ್ಯದ ಪೊಲೀಸರು ಹಿಡಿದರೆ ಜೈಲು. ಹಿಡಿಯದಿದ್ದರೆ ಇನ್ನೂ ಕೆಟ್ಟದ್ದು: ಗುಡ್ಡದ ಮೇಲೆ ಹಕ್ಕಿ ಎಣಿಸುವವರು ಕೂತಿರುತ್ತಾರೆ, ಈ ಮನುಷ್ಯನಿಗೆ ಇಪ್ಪತ್ತು ಹೆಜ್ಜೆಯಾಚೆ ಮರ ಯಾವುದು, ಮನುಷ್ಯ ಯಾವುದು ಎಂದು ತಿಳಿಯುವುದಿಲ್ಲ. ಕನ್ನಡಕ ಹಾಕಿಕೋ ಎಂದರೆ, ಕನ್ನಡಕದ ಕ್ಷೌರಿಕನಿಗೆ ಯಾರು ಕತ್ತು ಕೊಡುತ್ತಾರೆ ಎಂದು ಮೂವತ್ತು ವರ್ಷ ತಪ್ಪಿಸಿಕೊಂಡಿದ್ದ.

"ಎಲ್ಲಿಗೆ?"

"ಇಲ್ಲೇ... ಗುಡ್ಡಕ್ಕೆ."

"ಬಸ್ತಿಯಾನೊ ತೂರಿನೋದಲ್ಲಿದ್ದಾನೆ. ಗುಡ್ಡದಲ್ಲಿ ನಿಂಗೆ ಹಕ್ಕಿ ಕೊಡೋರು ಯಾರಿದ್ದಾರೆ?"

ತೋಟಾ ಕೈಜಾರಿ ನೆಲಕ್ಕೆ ಬಿತ್ತು. ಫೊರ್ತುನಾತೊ ಕೋವಿಯನ್ನು ಮಡಿಲಲ್ಲಿಟ್ಟು ಕುರ್ಚಿಯ ಮೇಲೆ ಕೂತ.

"ಯಾವಾಗಿಂದ ಗೊತ್ತು?"

"ಮೊದಲನೇ ವರ್ಷದಿಂದ. ಈಗಷ್ಟೇ ಬಿತ್ತು ಅಂತ ನೀನು ತಂದಿದ್ದು ಕಲ್ಲಿನ ಥರ ಇತ್ತು ಕಣಯ್ಯ."

"ಮತ್ತೆ ಇಷ್ಟು ವರ್ಷ ಸುಮ್ಮನಿದ್ದೆಯಾ?"

"ಗರಿ ಸಿಕ್ಕಿಸೋವಾಗ ನಿನ್ನ ಮುಖ ನೀನು ನೋಡ್ಕೊಂಡಿಲ್ಲ. ನಾನು ನೋಡಿದ್ದೀನಿ. ಹೇಳೋಕೆ ಬಾಯೇ ಬರ್ಲಿಲ್ಲ."

"ನಿನ್ನ ಮಾನಕ್ಕೋಸ್ಕರ ಮಾಡ್ದೆ, ಸಾಂತೀ."

"ನನ್ನ ಮಾನಕ್ಕೆ ಏನಾಗಿತ್ತು?" ಇಷ್ಟು ವರ್ಷ ಅದುಮಿಟ್ಟದ್ದು ಒಮ್ಮೆಲೇ ಹೊರಬಂತು. "ಹೇಳು, ನಿಂಗೆ ಯಾವತ್ತಾದ್ರೂ ನನ್ನ ಮೇಲೆ ಅನುಮಾನ ಬಂದಿತ್ತಾ?"

"ದೇವರಾಣೆ ಇಲ್ಲ!"

"ನಿಂಗೆ ಅನುಮಾನ ಇಲ್ಲ, ನನ್ನಲ್ಲಿ ತಪ್ಪಿಲ್ಲ. ನಮ್ಮಿಬ್ಬರ ಮಧ್ಯೆ ಆ ಹಕ್ಕಿಗೇನಿತ್ತು ಕೆಲಸ?"

ಅವಳು ಕೋವಿ ಕಿತ್ತುಕೊಂಡು ಹಾಸಿಗೆಯಡಿ ತುರುಕಿದಳು. ಆಮೇಲೆ, ತಾನೇ ಯಾಕೆ ಹಾಗಂದಳೋ ಅವಳಿಗೇ ತಿಳಿಯದು, "ಕೋಟು ಹಾಕ್ಕೋ. ಗುಡ್ಡಕ್ಕೆ ತಾನೇ ಹೊರಟಿದ್ದು? ನಡಿ, ನಾನೂ ಬರ್ತೀನಿ," ಎಂದಳು.

ಗುಡ್ಡದ ನೆತ್ತಿಯಲ್ಲಿ ಮೂರು ಜನ ಮಡಚುವ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದರು. ಅವರಲ್ಲಿ ಹಿರಿಯಳು ಆಗಾತಾ, ಕತಾನಿಯಾದ ಶಾಲಾ ಶಿಕ್ಷಕಿ. ಪ್ರತಿ ವಸಂತದಲ್ಲೂ ರಜೆ ಹಾಕಿ ಜಲಸಂಧಿ ದಾಟಿ ಬಂದು, ಹೋಗುವ ಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ಊರವರು ಎರಡು ಸಲ ಅವಳ ಕಾರಿನ ಟೈರು ಕೊಯ್ದಿದ್ದರು. ಹಾಗಾಗಿ ಊರ ಕಡೆಯಿಂದ ಇಬ್ಬರು ಏದುಸಿರು ಬಿಡುತ್ತ ಹತ್ತಿ ಬರುವುದನ್ನು ಕಂಡು ಅವಳು ಎದ್ದು ನಿಂತಳು.

"ಹೆದರ್ಬೇಡ ಮಗಳೇ, ಬರಿಗೈ," ಎಂದು ಸಾಂತೀನಾ ಎರಡೂ ಅಂಗೈ ತೋರಿಸಿದಳು. "ಜೇನುಗಿಡುಗ ನೋಡೋಕೆ ಬಂದ್ವಿ."

"ನೋಡೋಕಾ?" ಎಂದು ಆಗಾತಾ ಹುಬ್ಬೇರಿಸಿದಳು. "ಯಾವತ್ತೂ ನೋಡಿಲ್ವಾ ಅಮ್ಮ?"

"ಸತ್ತಿದ್ದು ನೋಡಿದ್ದೀನಿ. ಮೂವತ್ತೊಂದು."

ಆಗಾತಾಳ ಮುಖ ಗಂಟಿಕ್ಕಿತು. ಸಾಂತೀನಾ ಅದನ್ನು ಗಮನಿಸಿಯೂ ನಿಲ್ಲಿಸಲಿಲ್ಲ; ಯಾರಿಗಾದರೂ ಹೇಳಿ ಹಗುರಾಗಬೇಕಿತ್ತು.

"ಹಣೆ ಮೇಲಿನ ಪುಕ್ಕ ಮೀನಿನ ಹುರುಪೆ ಥರ ಒತ್ತಾಗಿರುತ್ತೆ, ಉಗುರು ಹಾಕಿ ಕೀಳ್ಬೇಕು. ಅದರ ಕಾಲುಗುರು ಅಷ್ಟೇನೂ ಚೂಪಲ್ಲ, ಕೋಳಿ ಕೆದಕೋ ಥರದ್ದು. ಮತ್ತೆ ಹೊಟ್ಟೇಲಿ ಏನೂ ಇರ್ತಿರ್ಲಿಲ್ಲ. ಇಷ್ಟು ದೊಡ್ಡ ಹಕ್ಕಿ, ಒಂದರ ಹೊಟ್ಟೇಲಾದ್ರೂ ಏನಾದ್ರೂ ಇರ್ಬೇಡ್ವಾ? ಯಾಕೆ ಮಗಳೇ?"

ಆಗಾತಾ ಪುಸ್ತಕ ಮಡಚಿದಳು. "ಹಣೆ ಗಟ್ಟಿ ಯಾಕಂದ್ರೆ ಕಣಜದ ಗೂಡು ಅಗೆದು ತಿನ್ನೋ ಹಕ್ಕಿ ಅದು, ಕಚ್ಚಬಾರದು ಅಂತ. ಹೊಟ್ಟೆ ಖಾಲಿ ಯಾಕಂದ್ರೆ..." ಅವಳ ದನಿ ಮೆತ್ತಗಾಯಿತು. "ಮರಳುಗಾಡು ದಾಟಿ, ಸಮುದ್ರ ದಾಟಿ ಬರ್ತಾವೆ ಅಮ್ಮ. ದಾರೀಲಿ ಊಟ ಎಲ್ಲಿ? ಉಪವಾಸವೇ."

ಸಾಂತೀನಾ ಸೆರಗಿಲ್ಲದ ಊರಿನವಳು. ತಲೆವಸ್ತ್ರದ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಹಸಿದು ಬಂದವರಿಗೆ ಉಣ್ಣಲಿಕ್ಕದೆ ಕಳಿಸಿ ಗೊತ್ತಿಲ್ಲದ ಮನೆ ಅವಳದು.

ಅಷ್ಟರಲ್ಲಿ ಪಡುಗಾಳಿ ಎದ್ದು, ಜಲಸಂಧಿಯ ಕಡೆಯಿಂದ ಹಿಂಡೊಂದು ಬಂತು. ಆಗಾತಾ ಫೊರ್ತುನಾತೊನನ್ನು ಮುಕ್ಕಾಲಿಯ ಮೇಲಿನ ದೊಡ್ಡ ದುರ್ಬೀನಿನ ಮುಂದೆ ನಿಲ್ಲಿಸಿದಳು. "ಏನೂ ಕಾಣ್ತಿಲ್ಲ, ಎಲ್ಲ ಹೊಗೆ," ಎಂದು ಅವನು ಸಂಕೋಚದಿಂದ ಹಿಂದೆ ಸರಿದ. "ಈ ಬಳೆ ತಿರುಗಿಸಿ, ನಿಧಾನಕ್ಕೆ," ಎಂದಳು ಆಗಾತಾ.

ಅವನು ತಿರುಗಿಸಿದ. ಆಮೇಲೆ ಅವನ ಕೈ ತಟ್ಟನೆ ನಿಂತಿತು.

"ಸಾಂತೀ," ಎಂದ. "ಇದಕ್ಕೆ ಕಣ್ಣಿದೆ."

"ಇರದೆ ಏನು?"

"ಹಳದಿ ಕಣ್ಣು. ನಾನು ತಂದಿದ್ದಕ್ಕೆಲ್ಲ ಕಣ್ಣು ಮುಚ್ಚಿರ್ತಿತ್ತು. ಇದು ನನ್ನನ್ನೇ ನೋಡ್ತಿದೆ. ರೆಕ್ಕೆ ಮೇಲೆ ಪಟ್ಟೆ ಪಟ್ಟೆ... ಇದಾ? ಇಷ್ಟು ವರ್ಷ ಇದು ನಂಗೆ ಆಕಾಶದಲ್ಲಿ ಒಂದು ಮಸಿ ಚುಕ್ಕೆ ಕಣೇ. ಇದನ್ನಾ ನಾನು...?"

ಐವತ್ತೈದರ ಗಂಡಸು ಮೂವರು ಅಪರಿಚಿತರ ಮುಂದೆ ನಾಚಿಕೆ ಬಿಟ್ಟು ಅತ್ತ. ಅಳುತ್ತಲೇ ಕಣ್ಣನ್ನು ದುರ್ಬೀನಿನಿಂದ ತೆಗೆಯಲಿಲ್ಲ. ಕೆನ್ನೀಲಿ ಬಕಗಳ ಸಾಲೊಂದು ಕತ್ತು ಮಡಚಿಕೊಂಡು ಹೋಯಿತು, ಅದನ್ನೂ ನೋಡಿದ. ಕೊಕ್ಕರೆಗಳ ಗುಂಪು ಸುತ್ತುತ್ತ ಮೇಲೇರಿತು, ಅದನ್ನೂ ನೋಡಿದ. ಕೊನೆಗೆ ಸಾಂತೀನಾ ಮೊಣಕೈಯಿಂದ ತಿವಿದು, "ನಂಗೂ ಸ್ವಲ್ಪ ಉಳಿಸು ಮಹಾರಾಯ," ಎನ್ನಬೇಕಾಯಿತು.

ಇಳಿಯುವಾಗಲೂ ಸಾಂತೀನಾಳಿಗೆ ದಿಗಿಲು ಹೋಗಲಿಲ್ಲ. ಹಕ್ಕಿ ನೋಡಿದ್ದಾಯಿತು, ಸರಿ. ನಾಳೆ ಅಂಗಡಿ ತೆರೆದರೆ ಅದೇ ಬೆಂಚು, ಅದೇ ಬಾಯಿಗಳು. ಹಾಸಿಗೆಯಡಿಯ ಕೋವಿ ಎಷ್ಟು ದಿನ ಅಲ್ಲೇ ಇದ್ದೀತು?

ಮರುದಿನ ಮೊದಲು ಬಂದು ಕುರ್ಚಿಯಲ್ಲಿ ಕೂತವನು ದೊನ್ ಪಾಸ್ಕ್ವಾಲೆಯೇ; ಅವನ ಹಿಂದೆಯೇ ಬೆಂಚೂ ತುಂಬಿತು. ಫೊರ್ತುನಾತೊ ಅವನ ಮುಖಕ್ಕೆ ನೊರೆ ಹಚ್ಚಿದ, ಕತ್ತಿ ಮಸೆದ. ಸಾಂತೀನಾ ಮಣಿಪರದೆಯ ಹಿಂದೆ ನಿಂತು ಕಿವಿಗೊಟ್ಟಳು.

"ಗರಿ ಬಂತಾ ಮಾಸ್ತ್ರು?"

"ಇಲ್ಲ. ಇನ್ಮೇಲೆ ಬರೋದೂ ಇಲ್ಲ." ಫೊರ್ತುನಾತೊ ಕತ್ತಿಯನ್ನು ಪಟ್ಟಿಯ ಮೇಲೆ ಇನ್ನೊಮ್ಮೆ ಎಳೆದ. "ಹಿಂದಿನ ಮೂವತ್ತೊಂದೂ ನಂದಲ್ಲ, ದೊನ್ ಪಾಸ್ಕ್ವಾಲೆ. ಎಲ್ಲಾ ಬಸ್ತಿಯಾನೊ ಹೊಡೆದದ್ದು, ನಾನು ಎಣ್ಣೆ ಕೊಟ್ಟು ತಂದದ್ದು. ನನ್ನ ಕಣ್ಣಿಗೆ ಎದುರಿನ ಇಗರ್ಜಿ ಗಡಿಯಾರವೇ ಕಾಣಲ್ಲ, ಇನ್ನು ಹಕ್ಕಿ ಎಲ್ಲಿಂದ ಕಾಣ್ಬೇಕು? ಅಂದ್ರೆ ನಿಮ್ಮ ಪ್ರಕಾರ ಮೂವತ್ತೊಂದು ವರ್ಷ ನನ್ನ ಹೆಂಡತಿಗೆ ಕಾವಲೇ ಇರ್ಲಿಲ್ಲ. ಅವಳು ಎಷ್ಟು ಸಲ ಕೆಟ್ಟಳು? ಯಾರ ಜೊತೆ? ಇಲ್ಲಿ ಕೂತೋರಲ್ಲಿ ಯಾರಾದ್ರೂ ಇದ್ರೆ ಎದ್ದು ಹೇಳಿ, ಕೇಳೋಣ."

ಯಾರೂ ಏಳಲಿಲ್ಲ. ಸಾಂತೀನಾ ಪರದೆಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮದುವೆಯ ದಿನ ಕೂಡ ಅವಳಿಗೆ ಗಂಡನ ಮೇಲೆ ಇಷ್ಟು ಪ್ರೀತಿ ಉಕ್ಕಿರಲಿಲ್ಲ.

"ಕತ್ತಿ ಸ್ವಲ್ಪ ಆಚೆ ಹಿಡಿ ಮಾಸ್ತ್ರು," ಎಂದ ದೊನ್ ಪಾಸ್ಕ್ವಾಲೆ, ನೊರೆಯೊಳಗಿಂದ. "ಕಣ್ಣು ಕಾಣಲ್ಲ ಅಂತ ಈಗ ಹೇಳ್ತಿದ್ದೀಯಲ್ಲ!"

"ಹತ್ತಿರದ್ದು ಚೆನ್ನಾಗಿ ಕಾಣುತ್ತೆ. ಹೆದರ್ಬೇಡಿ."

ಬೆಂಚಿನ ತುದಿಯಲ್ಲಿದ್ದ ಬಡಗಿ ಮೀಕೊ ಗಂಟಲು ಸರಿಮಾಡಿಕೊಂಡ. "ನಂಗೂ ಬಸ್ತಿಯಾನೊನೇ ಕೊಡ್ತಿದ್ದ," ಎಂದ, ನೆಲ ನೋಡುತ್ತ. ಪಕ್ಕದವನು ಬೆಚ್ಚಿ, "ನಿಂಗೂನಾ?" ಎಂದವನು, ಆ 'ಊ'ಕಾರದಲ್ಲೇ ಸಿಕ್ಕಿಬಿದ್ದ. ಎಲ್ಲರ ಕಣ್ಣೂ ಕುರ್ಚಿಯ ಕಡೆ ಹೊರಳಿತು. ಅಲುಗಾಡಲಾರದೆ ಕೂತಿದ್ದ ದೊನ್ ಪಾಸ್ಕ್ವಾಲೆ ಕಣ್ಣು ಮುಚ್ಚಿಕೊಂಡ.

"ಮೊದಲನೇದು ನಂದೇ," ಎಂದ ಕೊನೆಗೆ. "ಮೊದಲನೇದು ಮಾತ್ರ."

ಹೀಗೆ ಒಂದು ಇಡೀ ಬೀದಿಯ ಹೆಂಗಸರ ಶೀಲವನ್ನು ಬ್ರಹ್ಮಚಾರಿ ಬಸ್ತಿಯಾನೊ ಒಬ್ಬನೇ ಮೇಕೆ ಮೇಯಿಸುತ್ತ ಕಾಪಾಡಿದ್ದ. ಅಂಗಡಿಯಲ್ಲಿ ಮೊದಲು ನಕ್ಕವರು ಯಾರೋ ತಿಳಿಯದು. ನಗು ಮಾತ್ರ ಬೀದಿಯ ಕೊನೆಯವರೆಗೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಅಡುಗೆಮನೆಗಳನ್ನೂ ಸುತ್ತಿ ಬಂದಿತ್ತು. ಸಾಂತೀನಾ ಸಾರು ಇಳಿಸುತ್ತಿರುವಾಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ದೊನ್ ಪಾಸ್ಕ್ವಾಲೆಯ ಹೆಂಡತಿ ರೊಸಾಲ್ಬಾ. ಎಪ್ಪತ್ತು ದಾಟಿದವಳು, ಕೈಯಲ್ಲಿ ಕೋಲು, ಕಾಲಿಗೆ ಗಂಡನ ದಪ್ಪ ಬೂಟು. ಹಿಂದೆ ಮೀಕೊನ ಹೆಂಡತಿ, ಅವಳ ಹಿಂದೆ ಇನ್ನೂ ನಾಲ್ವರು.

"ಕುಮ್ಮಾರಿ ಸಾಂತೀನಾ," ಎಂದಳು ರೊಸಾಲ್ಬಾ, ನೆರೆಯ ಗೆಳತಿಯನ್ನು ಕರೆಯುವ ಊರ ರೂಢಿಯಲ್ಲಿ, "ನಿನ್ನೆ ನೀವಿಬ್ಬರೂ ಹೋಗಿದ್ರಲ್ಲ, ಆ ದುರ್ಬೀನಿನ ಹುಡುಗಿ ಎಲ್ಲಿ ಕೂತಿರ್ತಾಳೆ, ತೋರಿಸು. ಐವತ್ತು ವರ್ಷ ನನ್ನನ್ನ ಹಾಳಾಗದಂತೆ ಕಾಯ್ದ ಹಕ್ಕಿ ಅಂತೆ. ಅದರ ಮುಖ ಹೇಗಿದೆ ಅಂತ ಒಂದ್ಸಲನಾದ್ರೂ ನೋಡ್ಬೇಡ್ವಾ?"

ಸಾಂತೀನಾ ಒಲೆ ಆರಿಸಿದಳು. ಅವತ್ತು ಆ ಬೀದಿಯ ಗಂಡಸರೆಲ್ಲ ತಣ್ಣಗಾದ ಊಟವನ್ನು ತಾವೇ ಬಡಿಸಿಕೊಂಡು ತಿಂದರು.