ಗಂಗಮ್ಮನ ಚಟ್ನಿಗೆ ನಾನು ಕೊಟ್ಟ ತೀರ್ಪು

ಎರಡು ವರ್ಷದ ಹಿಂದಿನ ಮಾತು. ದಸರಾ ಹೊತ್ತಿಗೆ ನನಗೆ ಐದು ದಿನ ಜ್ವರ ಹಿಡಿದು ಬಿಟ್ಟಿತು. ಆರನೇ ದಿನ ಎದ್ದು ಕಾಫಿ ಬಾಯಿಗಿಟ್ಟರೆ ಬಿಸಿ ಇದೆ, ಸಿಹಿ ಇದೆ, ಕಾಫಿ ಮಾತ್ರ ಇಲ್ಲ! ಲೋಟ ಮೂಗಿಗೆ ಹಿಡಿದೆ. ಏನೂ ಇಲ್ಲ. ಎರಡು ದಿನದಲ್ಲಿ ಸರಿಹೋಗುತ್ತೆ ಅಂದುಕೊಂಡೆ. ಹದಿನೈದು ದಿನವಾದರೂ ಹೋದ ವಾಸನೆ ವಾಪಸ್ ಬರಲಿಲ್ಲ.

ಬೇರೆಯವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ನಾನು ತಿಪಟೂರಿನ ಕೊಬ್ಬರಿ ವ್ಯಾಪಾರಿ. ಹೆಸರು ಮಹದೇವಪ್ಪ, ಊರವರ ಬಾಯಲ್ಲಿ ಮೂಗಿನ ಮಾದೇವಣ್ಣ. ಕೊಬ್ಬರಿ ಒಡೆದು ಒಂದು ಸಲ ಮೂಸಿದರೆ ಸಾಕು, ಎಷ್ಟು ತಿಂಗಳು ಅಟ್ಟದಲ್ಲಿತ್ತು, ಕಮಟು ಹಿಡಿಯುತ್ತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. ಜಂಬ ಅಂದರೂ ಸರಿ, ಇದ್ದದ್ದು ಹೇಳುತ್ತಿದ್ದೇನೆ. ಈ ಮೂಗಿನ ದೆಸೆಯಿಂದ ಹೋಟೆಲುಗಳ ಪಂಚಾಯ್ತಿಯೂ ನನಗೇ ಗಂಟುಬಿದ್ದಿತ್ತು. ಪ್ರತಿ ಭಾನುವಾರ ಗೆಳೆಯರಾದ ಶಿವಣ್ಣ, ಬಸವರಾಜು ಮತ್ತು ನಾನು ಶಿವಣ್ಣನ ಕಾರಿನಲ್ಲಿ ಹೊರಟು ಒಂದೊಂದು ಕಡೆ ತಿಂಡಿ ತಿನ್ನುತ್ತಿದ್ದೆವು. ತಿಂದಾದ ಮೇಲೆ ಅವರಿಬ್ಬರೂ ನನ್ನ ಮುಖ ನೋಡುವರು. ನಾನು ಚಟ್ನಿಯಿಂದ ಶುರುಮಾಡುವೆ. ನಮ್ಮ ತೆಂಗಿನ ಸೀಮೆಯಲ್ಲಿ ಸಾಂಬಾರು ಕೆಟ್ಟರೆ ಕ್ಷಮಿಸುತ್ತಾರೆ, ಚಟ್ನಿ ಕೆಟ್ಟರೆ ಕ್ಷಮಿಸುವುದಿಲ್ಲ.

ಇಂಥ ನಾನು ವಾಸನೆ ಹೋಗಿದೆ ಅಂತ ಹೇಳಲುಂಟೆ? ಮುಚ್ಚಿಟ್ಟೆ. ಕೊಬ್ಬರಿಯನ್ನು ಮೂಗಿಗೆ ಹಿಡಿದು, ಕಣ್ಣನ್ನು ರೈತರ ಮುಖದ ಮೇಲಿಡುತ್ತಿದ್ದೆ. ಕೊಬ್ಬರಿಯ ಬಣ್ಣ ಬೆಳ್ಳಗಿದ್ದರೆ ಒಳ್ಳೆಯದು, ಹಳದಿಗೆ ತಿರುಗಿದ್ದರೆ ಕಮಟು ಎಂದು ಕಣ್ಣಳತೆಯಲ್ಲೇ ವ್ಯಾಪಾರ ನಡೆಸಿದೆ. ಹೆಂಡತಿ ಸರೋಜ ಮಾತ್ರ ಒಂದು ದಿನ, "ಏನ್ರೀ, ಹಾಲು ಒಲೆ ಮೇಲೆ ಸೀದು ಮನೆಯೆಲ್ಲ ಗಬ್ಬೆದ್ದೋಗೈತೆ, ಇಲ್ಲೇ ಕೂತಿದೀರಲ್ಲ!" ಎಂದಳು. "ಗೊತ್ತಾಯ್ತು ಬುಡು" ಎಂದು ಪೇಪರು ಮಗುಚಿದೆ.

ಆ ದಿನಗಳು ಈಗಲೂ ನನಗೆ ಕನಸಿನ ಹಾಗೆ ಕಾಣುತ್ತವೆ. ಬೆಳಿಗ್ಗೆ ತೋಟಕ್ಕೆ ಹೋದರೆ ಮಂಜಿನೊಳಗೆ ತೆಂಗಿನ ಮರಗಳು ನಿಂತಿರುತ್ತಿದ್ದವು, ಗರಿಯಿಂದ ಹನಿ ಬೀಳುತ್ತಿತ್ತು. ಒದ್ದೆ ಮಣ್ಣಿಲ್ಲ, ಸಗಣಿಯಿಲ್ಲ, ಹೊಗೆಯಿಲ್ಲ. ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವಂತೆ. ಮೊಮ್ಮಗುವನ್ನು ಎತ್ತಿಕೊಂಡು ನೆತ್ತಿ ಮೂಸಿದರೂ ಏನೂ ಇಲ್ಲ. ಅವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಕಾರ್ತಿಕದ ಒಂದು ಭಾನುವಾರ ಕಿಬ್ಬನಹಳ್ಳಿ ಕ್ರಾಸಿಗೆ ಹೋದೆವು. ಬಸ್ಸು ನಿಲ್ಲುವ ಕಡೆ ಗಂಗಮ್ಮ ಎಂಬ ಹೆಂಗಸು ಚಿಕ್ಕ ಹೋಟೆಲು ಇಟ್ಟಿದ್ದಳು. ನಾಲ್ಕು ಬೆಂಚು, ಅಷ್ಟೂ ಭರ್ತಿ. ಕೂತವರಲ್ಲಿ ಅರ್ಧ ಜನ ನನ್ನ ಗುರುತಿನ ರೈತರು, ಲಾರಿಯವರು. ಇಡ್ಲಿ ಮಲ್ಲಿಗೆಯಂತಿತ್ತು. ಬಸವರಾಜು ಎರಡನೇ ಸಲ ಚಟ್ನಿ ಹಾಕಿಸಿಕೊಂಡ. ನನ್ನ ನಾಲಿಗೆಗೆ ಉಪ್ಪು, ಖಾರ ಬಿಟ್ಟರೆ ಇನ್ನೇನೂ ತಿಳಿಯಲಿಲ್ಲ. "ಏನಪ್ಪ ಮಾದೇವ, ಏನಂತೈತೆ ಮೂಗು?" ಎಂದು ಶಿವಣ್ಣ ಎಲ್ಲರಿಗೂ ಕೇಳುವಂತೆ ಕೂಗಿದ. ಬೆಂಚುಗಳೆಲ್ಲ ನನ್ನ ಕಡೆ ತಿರುಗಿದವು.

ಚಟ್ನಿ ಕಡೆ ನೋಡಿದೆ. ಬಣ್ಣ ಕೊಂಚ ಹಳದಿಗಿತ್ತು. ಕೊಬ್ಬರಿ ಮಂಡಿಯ ಲೆಕ್ಕವನ್ನೇ ತಟ್ಟೆಗೂ ಹಾಕಿಬಿಟ್ಟೆ.

"ಕಾಯಿ ಕಮಟಾಗೈತೆ ಕಣಮ್ಮ."

ಗಂಗಮ್ಮ ಸೌಟು ಹಿಡಿದೇ ನಿಂತಳು. "ಅಯ್ಯೋ, ಇಲ್ಲ ಕಣಣ್ಣ. ಅದು ನಮ್ಮನೆ ಅಟ್ಟದ ಕಾಯಿ. ಕೊಬ್ಬರಿಯಾಗೋಕೆ ಮುಂಚೆ, ಅರ್ಧ ಒಣಗಿದ್ದಾಗ ತೆಗೆದು ರುಬ್ತೀವಿ. ಹಂದನಕೆರೆಲಿ ನಮ್ಮತ್ತೆ ಹಿಂಗೇ ಮಾಡ್ತಿದ್ದರು. ಇನ್ನೊಂದ್ಸಲ ಬಾಯಿಗಿಟ್ಟು ನೋಡಣ್ಣ."

"ನನ್ನ ಮೂಗಿಗೇ ಪಾಠ ಹೇಳ್ತೀಯಾ?" ಎಂದುಬಿಟ್ಟೆ.

ಅವಳು ಒಲೆಯ ಕಡೆ ತಿರುಗಿಕೊಂಡಳು. ಒಬ್ಬೊಬ್ಬರಾಗಿ ಚಟ್ನಿ ಪಕ್ಕಕ್ಕೆ ಸರಿಸಿದರು. ಎರಡು ಸಲ ಹಾಕಿಸಿಕೊಂಡಿದ್ದ ಬಸವರಾಜು ಕೂಡ, "ಹೂಂ ಕಣ್ಲಾ, ನಂಗೂ ಏನೋ ಒಂಥರಾ ಅನ್ನಿಸ್ತು" ಎಂದ. ಮನೆಗೆ ಬಂದು ಹೋಟೆಲಿನಲ್ಲಿ ನಡೆದದ್ದನ್ನು ಹೇಳಿದಾಗ ಸರೋಜ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂದಷ್ಟೇ ಅಂದು ಒಳಗೆ ಹೋದಳು. ನನ್ನ ಮೂಗಿನ ಸಂಗತಿ ಅವಳಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಚಿಕ್ಕನಾಯಕನಹಳ್ಳಿಯ ನೆಂಟರ ಮನೆಗೆ ಹೊರಟವನು ಬಸ್ಸು ಬದಲಿಸಲು ಅದೇ ಕ್ರಾಸಿನಲ್ಲಿ ಇಳಿದೆ. ಎದುರಿನವರ ಮುಖ ಕಾಣದಷ್ಟು ಮಂಜು. ಬಸ್ಸಿನ ಸುಳಿವಿಲ್ಲ. ಚಳಿ ತಡೆಯಲಾರದೆ ಬೆಳಕು ಕಂಡ ಕಡೆಗೆ ನಡೆದರೆ ಗಂಗಮ್ಮನ ಹೋಟೆಲು. ನಾಲ್ಕೂ ಬೆಂಚು ಖಾಲಿ. ವಾಪಸ್ ತಿರುಗೋಣ ಅನ್ನುವಷ್ಟರಲ್ಲಿ ಅವಳೇ, "ಬನ್ನಿ ಅಣ್ಣ, ಚಳಿ" ಎಂದು ಬೆಂಚು ಒರೆಸಿದಳು. ಸಿಟ್ಟಿಲ್ಲ, ಸೆಡವಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

"ಜನ ಕಮ್ಮಿಯಾ?" ಎಂದೆ, ಗೊತ್ತಿಲ್ಲದವನ ಹಾಗೆ.

"ಯುಗಾದಿಗೆ ಮುಚ್ಚಿಬುಡ್ತೀನಿ ಕಣಣ್ಣ. ನೀವಂದ್ಮೇಲೆ ಯಾರು ಬತ್ತಾರೆ? ಹೋಗ್ಲಿ ಬುಡಿ, ಜನ ಹೋದ್ರೆ ಹೋದ್ರು." ಅವಳು ಒಲೆಗೆ ಒಂದು ಸೌದೆ ತಳ್ಳಿದಳು. "ನಂಗೇ ನನ್ನ ಮೂಗಿನ ಮ್ಯಾಲೆ ನಂಬಿಕೆ ಹೊಂಟೋಯ್ತು. ಒಂದೊಂದು ಕಾಯಿನೂ ಹತ್ತತ್ತು ಸಲ ಮೂಸ್ತೀನಿ. ಚೆನ್ನಾಗೈತೆ ಅನ್ನಿಸ್ತದೆ. ಆದ್ರೆ ಅಷ್ಟು ತಿಳಿದೋರು ಕಮಟು ಅಂದ್ರಲ್ಲ, ನಂಗೇ ಗೊತ್ತಾಗಾಕಿಲ್ವೇನೋ ಅಂತ ಭಯ. ಈಗ ಹೊಸ ಕಾಯಿ ಹಾಕ್ತೀನಿ. ಅತ್ತೆ ಕೈರುಚಿ ಬರಾಕಿಲ್ಲ."

ಮೂಗಿಲ್ಲದೆ ಬದುಕುವ ಕಷ್ಟ ಆ ತಾಲ್ಲೂಕಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದನ್ನೇ ಒಂದು ಮಾತಿನಲ್ಲಿ ಇವಳಿಗೂ ಅಂಟಿಸಿದ್ದೆ.

"ಗಂಗಮ್ಮ, ನಂಗೆ ವಾಸನೇನೇ ಬರಲ್ಲ ಕಣಮ್ಮ" ಎಂದೆ. ಹೆಂಡತಿಗೂ ಹೇಳದ ಮಾತು. "ಜ್ವರ ಬಂದಾಗಿಂದ ಹೋಗೈತೆ. ಅವತ್ತೂ ಬರ್ತಿರಲಿಲ್ಲ. ಬಣ್ಣ ನೋಡಿ ಹೇಳ್ದೆ. ತಪ್ಪಾಯ್ತು."

ಅವಳು ನಂಬಲಿಲ್ಲ. ಇಂಗಿನ ಡಬ್ಬಿ ತೆರೆದು ನನ್ನ ಮೂಗಿಗೇ ಹಿಡಿದಳು. ನಾನು ಕಣ್ಣು ಮಿಟುಕಿಸಲಿಲ್ಲ. ಬೈಯುತ್ತಾಳೆ, ಬೈಯಲಿ ಎಂದು ತಲೆತಗ್ಗಿಸಿ ಕೂತೆ. ಅವಳು ಒಳಗೆ ಹೋದಳು. ಕಾಯಿ ಒಡೆದ ಸದ್ದಾಯಿತು. ಅಟ್ಟದ ಕಾಯಿಯ ಒಂದು ಹೋಳು ತಂದು ಎದುರು ಕೂತು, ಅದನ್ನು ತನ್ನ ಮೂಗಿಗೆ ಹಿಡಿದುಕೊಂಡಳು.

"ಕಣ್ಮುಚ್ಕಳಿ ಅಣ್ಣ. ನಾನು ಹೇಳ್ತೀನಿ, ನೀವು ಕೇಳಿ."

ಮುಚ್ಚಿದೆ.

"ಮೊದಲು ಹೊಗೆ ಬತ್ತೈತೆ. ಅಡುಗೆಮನೆ ಹೊಗೆ, ಅಟ್ಟಕ್ಕೆ ಏರಿರೋದು. ಆಮೇಲೆ ನಾರು, ಬಿಸಿಲಿಗೆ ಹಾಕಿದ ನಾರು. ಅದರ ಹಿಂದ್ಗಡೆ ಸಿಹಿ. ಎಳೇ ಮಗು ಬಾಯಲ್ಲಿ ಹಾಲಿನ ಸಿಹಿ ಇರ್ತದಲ್ಲ, ಅದು."

ಹೊರಗೆ ಮಂಜಿನೊಳಗೆ ಯಾವುದೋ ಬಸ್ಸು ಬಂದು ನಿಂತು ಹೋಯಿತು. ನಾನು ಏಳಲಿಲ್ಲ. ನಮ್ಮಮ್ಮ ಅಟ್ಟದ ಏಣಿ ಹತ್ತಿ, ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗೆ ಕೊಡುತ್ತಿದ್ದದ್ದು ಕಂಡಿತು. ಅವಳ ಸೆರಗಿನ ವಾಸನೆ ಬಂತು. ಬಂದದ್ದು ಮೂಗಿಗೋ ನೆನಪಿಗೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಕಣ್ಣು ಬಿಟ್ಟಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ಗಂಗಮ್ಮ ಬೇರೆ ಕಡೆ ನೋಡುತ್ತಿದ್ದಳು.

ಮುಂದಿನ ಭಾನುವಾರ ಗೆಳೆಯರನ್ನು ಕರೆದುಕೊಂಡು ಹೋಗಿ, ಕ್ರಾಸಿನಲ್ಲಿ ನಿಂತಿದ್ದವರನ್ನೆಲ್ಲ ಕೂಗಿ ಒಳಗೆ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾನ ಹೋಗುವುದೇನು ಸುಲಭವೇ? ಬಸವರಾಜು, "ಅಂಗಾರೆ ಅವತ್ತು ಚಟ್ನಿ ಚೆನ್ನಾಗೇ ಇತ್ತು ಅನ್ನು! ನಂಗೊತ್ತಿತ್ತು ಕಣ್ಲಾ" ಎಂದು ತಟ್ಟೆ ಚಾಚಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮಂಡಿಯಲ್ಲಿ ಕೆಲವು ರೈತರು ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರು. ಅವರದೇನೂ ತಪ್ಪಿಲ್ಲ.

ಯುಗಾದಿ ಬಂತು, ಹೋಯಿತು, ಹೋಟೆಲು ಮುಚ್ಚಲಿಲ್ಲ. ನನಗೆ ವಾಸನೆ ಅಲ್ಪಸ್ವಲ್ಪ ಮರಳಿದೆ. ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಕಾಯಿ ಒಡೆದಾಗಲೆಲ್ಲ ಮೊದಲು ಗಂಗಮ್ಮನ ದನಿ ಕೇಳಿಸುತ್ತದೆ, ಆಮೇಲೆ ಹೊಗೆ, ನಾರು, ಸಿಹಿ.

ಈಗಲೂ ಭಾನುವಾರ ಅಲ್ಲಿಗೆ ಹೋಗುತ್ತೇವೆ. ಗಂಗಮ್ಮ ಬೇಕೆಂದೇ ನನ್ನ ಮುಂದೆ ನಿಂತು, "ಏನಣ್ಣ, ಹೆಂಗೈತೆ ಚಟ್ನಿ?" ಅನ್ನುತ್ತಾಳೆ.

"ನೀನೇ ಹೇಳಮ್ಮ" ಅನ್ನುತ್ತೇನೆ.

ಅವಳು ಸೌಟನ್ನು ಮೂಗಿನ ಹತ್ತಿರ ತರುತ್ತಾಳೆ. ಒಂದೇ ಸಲ ಮೂಸುತ್ತಾಳೆ. "ಚೆನ್ನಾಗೈತೆ" ಎಂದು ಮುಂದಿನ ತಟ್ಟೆಗೆ ಬಡಿಸುತ್ತಾಳೆ.