ಅಂಕಣದ ಬದಿಯ ಅಕೌಂಟೆನ್ಸಿ

ಕಬಡ್ಡಿಯಲ್ಲಿ ಔಟಾದವರು ಅಂಕಣದ ಹೊರಗೆ ಕೂತು ಕಾಯಬೇಕು. ನನ್ನಂಥ ಅಕೌಂಟೆನ್ಸಿ ಟೀಚರಿಗೆ ಅಷ್ಟು ಸಮಯ ಧಾರಾಳ. ಆಡಲೆಂದು ನಮ್ಮ ಕಾಲೇಜು ಸೇರಿದ ಹುಡುಗಿಯರು ಡಿಗ್ರಿ ಇಲ್ಲದೆ ಗೇಟು ದಾಟಬಾರದು, ಫೇಲಾದವರಿಗೆ ಜೆರ್ಸಿ ಇಲ್ಲ ಎಂಬುದು ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಮಾಡಿದ ನಿಯಮ. ಹಾಗಾಗಿ ಬಂಟ್ವಾಳದಿಂದ ಮೂಡುಬಿದಿರೆಗೆ ಹೊರಟ ತಂಡದ ಜೊತೆ ನಾನೂ ಹೋಗಿದ್ದೆ. ಮರುದಿನವೇ ಪರೀಕ್ಷೆ.

ಫೈನಲ್‌ನಲ್ಲಿ ನಮ್ಮ ರೈಡರ್, ಚಾರ್ಮಾಡಿಯ ಹರ್ಷಿತಾ, ಔಟಾಗಿ ಬಂದು ಕೂತಳು. ನಾನು ಹಿಂದಿನಿಂದ ಬಗ್ಗಿ, "ಯಂತ್ರದ ಸವಕಳಿ ಎಲ್ಲಿ ತೋರಿಸ್ತಿ?" ಎಂದೆ.

"ಲಾಭನಷ್ಟ ಖಾತೆಯಲ್ಲಿ ಖರ್ಚು. ಆಮೇಲೆ ಆಸ್ತಿಯಿಂದ ಕಳೆಯುವುದು," ಎಂದಳು, ಆಟದಿಂದ ಕಣ್ಣು ತೆಗೆಯದೆ.

ಎದುರು ತಂಡದ ಕೋಚ್ ದಡಬಡ ಬಂದರು. "ರೆಫ್ರಿಯವರೇ, ಇವರು ಏನೋ ಗುಟ್ಟಿನ ಭಾಷೆಯಲ್ಲಿ ಆಟ ಹೇಳಿಕೊಡ್ತಾ ಇದ್ದಾರೆ."

ಹರ್ಷಿತಾಳೇ ಎದ್ದು ನಿಂತಳು. "ನಾಳೆ ಪರೀಕ್ಷೆ ಉಂಟು ಸರ್. ಆಟ ನನಗೆ ಬರ್ತದೆ. ಮೇಡಂ ಹೇಳಿಕೊಡುವುದು ಬಾರದ್ದನ್ನು."

ರೆಫ್ರಿ ನನ್ನನ್ನು ನೋಡಿದರು. "ಸ್ವಲ್ಪ ಮೆಲ್ಲ ಹೇಳಿಕೊಡಿ ಮೇಡಂ."

ಅವಳು ಮತ್ತೆ ಒಳಗೆ ಹೋಗಿ ಕಪ್ ಗೆದ್ದುಕೊಟ್ಟಳು, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸೂ ಪಡೆದಳು. ಅಂಕಪಟ್ಟಿ ಹಿಡಿದು ಸಿಸ್ಟರ್ ಇಡೀ ಸ್ಟಾಫ್ ರೂಮಿಗೆ ಲಡ್ಡು ಹಂಚಿದರು. ನಾನು ಎರಡು ತಿಂದೆ.

ಆ ಕೋಚ್ ಮಾತ್ರ ಇನ್ನೂ ನಂಬಿಲ್ಲವಂತೆ. ಸವಕಳಿ ಎಂಬ ಪಟ್ಟನ್ನು ಬಿಡಿಸಿಕೊಳ್ಳುವುದು ಹೇಗೆಂದು ತಮ್ಮ ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಿದ್ದಾರಂತೆ.