ಹನಮವ್ವ ಬಿಡಿಸಿದ ಗುಪ್ತಗಂಟು

ಕಮತಗಿಯ ಆಚೆಗಿನ ಒಂದು ಸಣ್ಣ ಊರಿನಲ್ಲಿ ಅಂದಪ್ಪ ಎಂಬ ಟಪಾಲು ಮಾಸ್ತರರಿದ್ದರು. ಟಪಾಲು ಕಚೇರಿ ಎಂದರೆ ದೊಡ್ಡದೇನಲ್ಲ. ಅವರ ಮನೆಯ ಪಡಸಾಲೆಯಲ್ಲಿ ಒಂದು ಮೇಜು, ಒಂದು ಠಸ್ಸೆ, ಹೊರಗೋಡೆಗೆ ಕೆಂಪು ಡಬ್ಬಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಮೂರು ಸಲ ಕೂತು ಮೂರನೆಯ ಸಲ ಹೇಗೋ ದಡ ಮುಟ್ಟಿದ ಮನುಷ್ಯ. ಆದರೆ ಓದು ಬಾರದವರೇ ಹೆಚ್ಚಿದ್ದ ಊರಿನಲ್ಲಿ ಕಾಗದ ಓದಿ ಹೇಳುವವರೂ ಅವರೇ, ಬರೆದುಕೊಡುವವರೂ ಅವರೇ. ಇಪ್ಪತ್ತು ವರ್ಷ ಯಾರ ಕಾಗದದಲ್ಲಿಯೂ ಒಂದು ಮಾತನ್ನು ಅವರು ಆಚೀಚೆ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

೧೯೭೯ರ ಸುಮಾರಿಗೆ ಅವರಿಗೊಂದು ಗೀಳು ಹತ್ತಿತು. ಊರ ಗೌಡರ ಹೆಸರಿಗೆ ಟಪಾಲಿನಲ್ಲಿ ಬರುತ್ತಿದ್ದ ವಾರಪತ್ರಿಕೆಯ ಕೊನೆಯ ಪುಟದಲ್ಲಿ ‘ಗುಪ್ತಗಂಟು’ ಎಂಬ ಆಟವಿರುತ್ತಿತ್ತು. ಹನ್ನೆರಡು ಒಗಟಿನ ಸಾಲು. ಹನ್ನೆರಡನ್ನೂ ಬಿಡಿಸಿ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಒಂದು ತಪ್ಪಿದರೂ ಕಾರ್ಡು ಕಸದ ಬುಟ್ಟಿಗೆ. ಗೆದ್ದವರಿಗೆ ಸಿಗುವುದು ಪತ್ರಿಕೆಯಲ್ಲಿ ಅಚ್ಚಾದ ಹೆಸರು, ಅಷ್ಟೇ. ಎಷ್ಟೋ ವಾರ ‘ಸರಿಯುತ್ತರ ಬಂದಿಲ್ಲ’ ಎಂದೇ ಇರುತ್ತಿತ್ತು. ವಕೀಲರು, ಹೈಸ್ಕೂಲಿನವರು ಕೈಬಿಟ್ಟ ಆಟಕ್ಕೆ ನಮ್ಮ ಮಾಸ್ತರರು ಗೌಡರಿಗಿಂತ ಮೊದಲು ಪತ್ರಿಕೆ ಬಿಚ್ಚಿ ಓದಿ ಏಳು ತಿಂಗಳು ಕಾರ್ಡು ಹಾಕಿದರು. “ಈ ವಾರರೆ ಗಂಟ ಬಿಚ್ಚಿತೇನ್ರಿ ಮಾಸ್ತರ?” ಎಂದು ಚಾವಡಿಯಲ್ಲಿ ಕೂತವರು ಕೇಳಿ ನಗುವುದು ರೂಢಿಯಾಯಿತು. ಮುಲ್ಕಿಯ ಹಳೆಯ ಅವಮಾನಕ್ಕೆ ಹೊಸದೊಂದು ಜೊತೆಯಾಯಿತು.

ಹನಮವ್ವ ಇಳಕಲ್ಲಿನ ಸೀರೆ ಮಗ್ಗದವರಿಗೆ ನೂಲು ಸುತ್ತಿಕೊಡುವ ವಿಧವೆ. ಬಾದಾಮಿಗೆ ಕೊಟ್ಟ ಮಗಳು ಮಾದೇವಿಗೆ ಕಾಗದ ಬರೆಸಲು ಒಂದು ಮಧ್ಯಾಹ್ನ ಬಂದಳು. ಮಾಸ್ತರರು ತಲೆ ಕೆರೆದುಕೊಳ್ಳುತ್ತ ಕೂತಿದ್ದರು.

“ಅದೇನೈತಿ, ಗಟ್ಟ್ಯಾಗಿ ಓದ್ರಲ್ಲಾ” ಎಂದಳು.

“‘ಕಟ್ಟಿದವನು ಒಳಗೇ ಸತ್ತ, ಅವನ ಮನೆ ಬಿಚ್ಚಿ ಹೆಂಗಸರು ಉಟ್ಟರು.’ ಮೂರು ದಿನಾ ಆತು ಹನಮಕ್ಕ. ಗೋರಿ ಇರಬೇಕು ಅಂತೇನಿ.”

“ಗೋರಿ ಯಾರ ಉಡ್ತಾರ್ರಿ? ರೇಶಿಮಿ ಹುಳ ಅದು. ದಿನಾ ನನ್ನ ಬೆರಳಿಗೆ ಸುತ್ಕೊಳ್ಳೂದು ಅದರ ಮನೀನ.”

ಮಾಸ್ತರರು ಬಾಯಿ ತೆರೆದವರು ಮುಚ್ಚಲು ಮರೆತರು. ಅವರು ಓದುತ್ತ ಹೋದರು, ಅವಳು ಹೇಳುತ್ತ ಹೋದಳು. ಹೊತ್ತು ಇಳಿಯುವುದರೊಳಗೆ ಹನ್ನೆರಡೂ ಬಿಚ್ಚಿದವು.

“ನನ್ನ ಹೆಸರ ಹಾಕ್ರಿ” ಎಂದಳು. “ಹೆಬ್ಬೆಟ್ಟಿನಾಕಿ ಮಗಳು ಅಂತ ನನ್ನ ಮಾದೇವಿನ ಅವರ ಅತ್ತಿ ಹಂಗಸ್ತಾಳ. ಹೆಸರು ಅಚ್ಚಾದ್ರ ಆ ಮನ್ಯಾಗ ಆಕಿ ತಲಿ ಎತ್ತಿ ತಿರಗ್ಯಾಡತಾಳ್ರಿ.”

ಅವಳು ಎದುರಿಗೇ ಕೂತಿದ್ದಳು. ಪೆನ್ನು ಹೋದ ಕಡೆಗೆಲ್ಲ ಅವಳ ಕಣ್ಣೂ ಹೋಗುತ್ತಿತ್ತು. ಮಾಸ್ತರರು ತಮ್ಮ ಹೆಸರು ಬರೆದರು. ಏಳು ತಿಂಗಳು ಬೆವರು ಸುರಿಸಿದವನು ನಾನು, ಹೇಗೂ ಗೆಲ್ಲುವುದಿಲ್ಲ ಎಂದು ಮನಸ್ಸಿಗೆ ಏನೇನೋ ಸಬೂಬು ಹೇಳಿಕೊಂಡರು.

“ಬರದ್ರೇನ್ರಿ?”

“ಬರದೆ.”

ನಾಲ್ಕನೆಯ ವಾರ ಅಚ್ಚಾಗಿ ಬಂತು. ಒಂದೇ ಹೆಸರು, ಅಂದಪ್ಪನದು. ಹನಮವ್ವ ಪ್ರತಿ ವಾರವೂ ಟಪಾಲು ಚೀಲ ಬರುವ ಮೊದಲೇ ಬಂದು ಕೂತಿರುತ್ತಿದ್ದಳು. ಆ ದಿನವೂ ಇದ್ದಳು. “ಎಲ್ಲೈತ್ರಿ ನನ್ನ ಹೆಸರ?” ಎಂದಾಗ ಮಾಸ್ತರರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು, “ಇಲ್ಲೈತಿ ನೋಡ” ಎಂದರು. ಅವಳು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆ ಪುಟವನ್ನು ಮಗಳಿಗೆ ಕಳಿಸಿಯೇ ತೀರಬೇಕೆಂದು ಅವಳು ಹಟ ಹಿಡಿದಳು. ಮಾದೇವಿ ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತವಳು, ಓದಬಲ್ಲಳು. ಕಳೆದುಹೋಗುತ್ತದೆ, ಗೌಡರು ಬಯ್ಯುತ್ತಾರೆ ಎಂದೆಲ್ಲ ಮಾಸ್ತರರು ಹೇಳಿ ನೋಡಿದರು. ಹನಮವ್ವ ಬಿಡಲಿಲ್ಲ. ಕೊನೆಗೆ ತಾವೇ ಪುಟ ಕತ್ತರಿಸಿ, ‘ಇದರಾಗ ನನ್ನ ಹೆಸರೈತಿ’ ಎಂದು ಅವಳು ಹೇಳಿದ ಕಾಗದವನ್ನೂ ತಾವೇ ಬರೆದು, ತಾವೇ ವಿಳಾಸ ಹಾಕಿ, ತಾವೇ ಠಸ್ಸೆ ಹೊಡೆದರು. ಹಾಕಿದ ಟಪಾಲನ್ನು ತಡೆಯುವ ಕೆಲಸವೊಂದನ್ನು ಮಾತ್ರ ಅವರಿಂದ ಮಾಡಲಾಗಲಿಲ್ಲ. ಗೌಡರಿಗೆ ಪತ್ರಿಕೆ ಹರಿದೇ ಬಂದಿತ್ತೆಂದರು. ಯಾರ ಮುಂದೆ ಮೆರೆಯಬೇಕೆಂದಿದ್ದರೋ ಅವರ್ಯಾರೂ ಆ ಹೆಸರನ್ನು ನೋಡಲೇ ಇಲ್ಲ.

ಹದಿನೈದು ದಿನಕ್ಕೆ ಬಾದಾಮಿಯಿಂದ ಉತ್ತರ ಬಂತು. ಹನಮವ್ವ ಎದುರಿಗೆ ನಗುತ್ತ ಕೂತಳು. ಮಾಸ್ತರರು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಮಗಳು ಭಾಳ ಖುಷಿಯಾಗಿದ್ದಾಳೆ ಎಂದು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಚಿಕೆ ಇನ್ನೊಂದು ಸುಳ್ಳಿಗೆ ಬಿಡಲಿಲ್ಲ. ಇದ್ದದ್ದು ಇದ್ದ ಹಾಗೆ ಓದಿದರು:

“ಅವ್ವಾ, ಆ ಹಾಳ್ಯಾಗ ನಿನ್ನ ಹೆಸರಿಲ್ಲ. ಅಂದಪ್ಪ ಮಾಸ್ತರರ ಹೆಸರೈತಿ. ಎಲ್ಲಾರ ಮುಂದ ಬಿಚ್ಚಿದೆ. ಅತ್ತಿ ಬಿದ್ದು ಬಿದ್ದು ನಕ್ಕರು. ಈ ಕಾಗದಾನೂ ನಿನಗ ಮಾಸ್ತರರ ಓದಿ ಹೇಳಬೇಕು. ಹೇಳೂದು ಬಿಡೂದು ಅವರಿಗೆ ಬಿಟ್ಟದ್ದು.”

ಹನಮವ್ವ ಬಯ್ಯಲಿಲ್ಲ. ಬೈದಿದ್ದರೆ ಮಾಸ್ತರರು ಕಾಲಿಗಾದರೂ ಬೀಳುತ್ತಿದ್ದರು. ಅವಳು ಮಗಳ ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಕೇಳಿದಳು:

“ನಮ್ಮ ಮನಿಯವರು ಸೊಲ್ಲಾಪುರದ ದವಾಖಾನ್ಯಾಗ ಸಾಯೂ ಮುಂದ ಒಂದ ಕಾಗದಾ ಬರಿಸಿದ್ರು. ನಿನ್ನ ನೆನಸಿ ಅಳತೇನಿ, ನಿನ್ನ ಕೈಯಾಗಿನ ರೊಟ್ಟಿ ಬೇಕನಸತೈತಿ ಅಂತ ಓದಿದ್ರಿ. ಹನ್ನೆರಡು ವರ್ಷ ಅದರ ಮ್ಯಾಲ ಜೀವ ಹಿಡದೇನಿ. ಅದಾದ್ರೂ ಖರೆ ಇತ್ತೇನ್ರಿ ಮಾಸ್ತರ?”

“ಖರೆ ಹನಮಕ್ಕ, ದೇವರಾಣಿ ಖರೆ.”

ಖರೆಯೇ ಇತ್ತು. ಆದರೆ ಹೇಳಿದ ತಮ್ಮ ದನಿ ತಮಗೇ ಸುಳ್ಳುಗಾರನ ದನಿಯಂತೆ ಕೇಳಿಸಿತು. ಹನಮವ್ವ ಎದ್ದು ಹೋದಳು. ಮರುದಿನ ಮುಂಜಾನೆ ಮಾಸ್ತರರು ಬಾಗಿಲಲ್ಲಿ ನಿಂತಿದ್ದಾಗ, ಅವಳು ಗಂಡನ ಹಳೆಯ ಕಾಗದವನ್ನು ಎದೆಗೆ ಹಿಡಿದುಕೊಂಡು, ಬೇರೆ ಯಾರಿಂದಲಾದರೂ ಓದಿಸಲು ಕಮತಗಿಯ ದಾರಿ ಹಿಡಿದು ಹೋಗುತ್ತಿದ್ದಳು.